ಬೆಕ್ಕಿಗೆ ಮಾತ್ರೆ ಕೊಡೋಕೆ ಪಿಲ್ ಗನ್ ತರಿಸಬಹುದಾ? ನಾಯಿಗೂ ಅದೇ ಆಗುತ್ತಾ?

ಬೆಕ್ಕು ಕಚ್ಚುತ್ತೆ, ಮಾತ್ರೆ ಉಗುಳುತ್ತೆ, ಪಿಲ್ ಗನ್ ತರಿಸಿದ್ರೆ ಸುಲಭ ಆಗುತ್ತಾ, ಯಾವ್ದು ತಗೊಳ್ಳಲಿ ಅಂತ ಕೇಳಿದೀರಿ. ಸುಲಭ ಖಂಡಿತ ಆಗುತ್ತೆ. ಆ ಸುಲಭದಿಂದಾನೇ ನಮ್ಮ ಬೆಕ್ಕು ಬೂದಿಗೆ ಆಗಬಾರದ್ದು ಆಯ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ. ಪೂರ್ತಿ ಓದಿ, ಆಮೇಲೆ ಆರ್ಡರ್ ಮಾಡಿ.

ಬೂದಿ ಮೈಸೂರಲ್ಲಿ ನಮ್ಮನೆ ಕಾಂಪೌಂಡಲ್ಲೇ ಹುಟ್ಟಿದ ಬೆಕ್ಕು. ಒಂದ್ಸಲ ಮಳೆಗಾಲದಲ್ಲಿ ಸೀನು ಶುರುವಾಯ್ತು, ಕಣ್ಣೆಲ್ಲಾ ಕೆಂಪಗಾಗಿ ಗೀಜು ಕಟ್ಕೊಂಡು ಬೆಳಿಗ್ಗೆ ಎದ್ರೆ ಒಂದು ಕಣ್ಣು ತೆರೆಯೋಕೇ ಆಗ್ತಿರ್ಲಿಲ್ಲ. ಡಾಕ್ಟರ್ ನೋಡಿ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದ್ರು, ಮೂರು ವಾರದ ಕೋರ್ಸ್, ಮಧ್ಯೆ ನಿಲ್ಲಿಸಬೇಡಿ ಅಂದ್ರು. ಮೊದಮೊದಲು ಮನೇಲಿ ಯುದ್ಧಾನೇ. ಮೀನೊಳಗೆ ಇಟ್ರೆ ಮೀನು ನೀಟಾಗಿ ತಿಂದು ಮಾತ್ರೆ ತಟ್ಟೇಲೇ ಬಿಡೋದು, ಕೈಯಿಂದ ಹಾಕೋಕೆ ಹೋದ್ರೆ ನಮ್ಮನೆಯವರ ಬೆರಳಿಗೆ ಕೋರೆಹಲ್ಲು ಇಳಿಸ್ತು, ಅವರು ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸ್ಕೊಂಡು ಬಂದ್ರು. ಆಗ ಆನ್‌ಲೈನಲ್ಲಿ ತರಿಸಿದ್ದು ಪಿಲ್ ಗನ್.

ಉದ್ದ ಪೆನ್ನಿನಷ್ಟಿರೋ ಪ್ಲಾಸ್ಟಿಕ್ ಕೊಳವೆ ಅದು. ತುದೀಲಿ ಸೀಳಿರೋ ಮೆತ್ತನೆ ರಬ್ಬರ್, ಅದು ಮಾತ್ರೇನ ಹಿಡ್ಕೊಂಡಿರುತ್ತೆ, ಹಿಂದಿರೋ ಕಡ್ಡಿ ಒತ್ತಿದ್ರೆ ಮಾತ್ರೆ ಟಪ್ ಅಂತ ನಾಲಿಗೆ ಬುಡದಲ್ಲಿ ಬೀಳುತ್ತೆ. ಬೂದೀನ ಟವೆಲಲ್ಲಿ ಸುತ್ತಿ ಅತ್ತೆ ಹಿಡ್ಕೊಳ್ಳೋರು, ನಾನು ಗನ್ ಹಾಕ್ತಿದ್ದೆ, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಕೆಲಸ ಮುಗೀತಿತ್ತು. ಅಯ್ಯೋ ಇಷ್ಟೇನಾ, ಸುಮ್ನೆ ಒದ್ದಾಡಿದ್ವಲ್ಲ ಅಂತ ಅತ್ತೇನೂ ಅಂದ್ರು. ಟವೆಲ್ ಬಿಚ್ಚಿದ ತಕ್ಷಣ ಅದು ಓಡಿ ಮಂಚದ ಕೆಳಗೆ ಸೇರ್ಕೊಳ್ಳೋದು, ನಾವು ನಮ್ಮ ಪಾಡಿಗೆ ಲೈಟ್ ಆರಿಸಿ ಮಲಗ್ತಿದ್ವಿ.

ತಪ್ಪಾಗಿದ್ದು ಅಲ್ಲೇ. ಮಾತ್ರೆ ಮೇಲೆ ನೀರು ಕೊಡ್ಲಿಲ್ಲ. ಒಂದು ಹನೀನೂ ಕೊಡ್ಲಿಲ್ಲ, ಕೊಡಬೇಕು ಅನ್ನೋದೇ ಗೊತ್ತಿರ್ಲಿಲ್ಲ. ಡಾಕ್ಟರ್ ಚೀಟೀಲಿ ದಿನಕ್ಕೊಂದು ಅಂತ ಇತ್ತು ಅಷ್ಟೇ, ಗನ್ ಬಂದ ಡಬ್ಬಿ ಮೇಲೂ ನೀರಿನ ಮಾತಿಲ್ಲ. ಬೆಕ್ಕು ಗುಟುಕ್ ಅಂತ ನುಂಗಿತು ಅಂದ್ರೆ ಮಾತ್ರೆ ಹೊಟ್ಟೆಗೆ ಹೋಯ್ತು ಅಂತಾನೇ ನಾವೆಲ್ಲ ಅಂದ್ಕೊಳ್ಳೋದು ಅಲ್ವಾ, ಆದ್ರೆ ಒಣ ಮಾತ್ರೆ ಎಷ್ಟೋ ಸಲ ಹೊಟ್ಟೆ ತನಕ ಹೋಗೋದೇ ಇಲ್ಲ, ಅನ್ನನಾಳದಲ್ಲೇ ಅಂಟ್ಕೊಂಡು ನಿಮಿಷಗಟ್ಟಲೆ ಕೂತಿರುತ್ತೆ. ಬೇರೆ ಮಾತ್ರೆ ಆಗಿದ್ರೆ ನಿಧಾನಕ್ಕೆ ಜಾರಿ ಹೋಗಿ ಏನೂ ಆಗದೇ ಇರಬಹುದು, ಡಾಕ್ಸಿ ಹಾಗಲ್ಲ, ಕೂತ ಜಾಗದಲ್ಲೇ ಕರಗಿ ಆಸಿಡ್ ಥರ ಆಗಿ ಒಳಪದರಾನ ಸುಡುತ್ತೆ. ಮಾರನೇ ದಿನ ಅದೇ ಸುಟ್ಟ ಜಾಗದ ಮೇಲೆ ಇನ್ನೊಂದು ಮಾತ್ರೆ. ಆಮೇಲೆ ಗಾಯ ಮಾಯುವಾಗ ಆ ಜಾಗ ಸುಕ್ಕುಗಟ್ಟಿ ಬಿಗಿದುಕೊಂಡು ಅನ್ನನಾಳದ ದಾರೀನೇ ಕಿರಿದಾಗುತ್ತೆ. ಮನುಷ್ಯರಿಗೆ ಡಾಕ್ಸಿ ಕೊಟ್ಟಾಗಲೂ ಒಂದು ಲೋಟ ತುಂಬ ನೀರು ಕುಡೀರಿ, ತಕ್ಷಣ ಮಲಗಬೇಡಿ ಅಂತ ಹೇಳೋದು ಇದಕ್ಕೇ. ಕ್ಲಿಂಡಾಮೈಸಿನ್ ಅಂತ ಹಲ್ಲು, ವಸಡಿನ ಇನ್ಫೆಕ್ಷನ್‌ಗೆ ಕೊಡ್ತಾರಲ್ಲ, ಅದೂ ಬೆಕ್ಕಿಗೆ ಹೀಗೇ ಮಾಡುತ್ತೆ. ಊಟದ ಜೊತೆ ಹೋದ ಮಾತ್ರೇನ ಊಟಾನೇ ಕೆಳಗೆ ಎಳ್ಕೊಂಡು ಹೋಗುತ್ತೆ, ಗನ್ನಲ್ಲಿ ಹಾಕಿದ್ದು ಬರೀ ಒಣ ಮಾತ್ರೆ, ಎಂಜಲು ಕೂಡ ಸರಿಯಾಗಿ ತಾಗಿರಲ್ಲ. ಗನ್ ಬಳಸೋರು ಇದನ್ನ ಬೇರೆಯವರಿಗಿಂತ ಹೆಚ್ಚು ನೆನಪಿಟ್ಕೋಬೇಕು ಅಂತ ನಾನು ಹೇಳೋದು ಅದಕ್ಕೇ.

ಕೋರ್ಸ್ ಮುಗಿಯೋ ಹೊತ್ತಿಗೆ ಕಣ್ಣು ಫಳಫಳ ಅಂತಿತ್ತು, ಖುಷಿಯಾಗಿದ್ವಿ. ಆಮೇಲೆ ಸ್ವಲ್ಪ ದಿನಕ್ಕೆ ಬೂದಿ ತಟ್ಟೆ ಹತ್ರ ಬರೋದು, ಹಸಿವಿಂದ ಗಬಗಬ ಎರಡು ಬಾಯಿ ತಿನ್ನೋದು, ಕತ್ತು ಮುಂದಕ್ಕೆ ಚಾಚಿ ನುಂಗೋಕೆ ಒದ್ದಾಡೋದು, ತುಟಿ ನೆಕ್ಕೋದು, ಆಮೇಲೆ ತಿಂದಿದ್ದೆಲ್ಲಾ ಹಾಗಾಗೇ ಆಚೆ. ನಾನು ಕೂದಲುಂಡೆ ಇರಬೇಕು ಅಂತ ಅದಕ್ಕೆ ಸಿಗೋ ಪೇಸ್ಟ್ ತಂದು ನೆಕ್ಕಿಸ್ತಾ ದಿನ ಕಳೆದೆ. ವಾಂತಿ ಬೇರೆ, ಇದು ಬೇರೆ. ವಾಂತಿ ಮಾಡುವಾಗ ಹೊಟ್ಟೆ ಎಳ್ಕೊಂಡು ಎಳ್ಕೊಂಡು ಸದ್ದು ಮಾಡ್ಕೊಂಡು ಬರುತ್ತೆ, ಹಳದಿ ನೀರೂ ಇರಬಹುದು. ಇದ್ರಲ್ಲಿ ಹೊಟ್ಟೆ ಅಲ್ಲಾಡಲ್ಲ, ತಲೆ ಬಗ್ಗಿಸಿದ್ರೆ ಸಾಕು ತಿಂದ ಆಹಾರ ಜೀರ್ಣ ಆಗದೇ ಕೊಳವೆ ಆಕಾರದಲ್ಲಿ ಬಂದು ಬೀಳುತ್ತೆ. ನಿಮ್ಮ ಬೆಕ್ಕಲ್ಲಿ ಇದು ಕಂಡ್ರೆ ಅವತ್ತೇ ಡಾಕ್ಟರ್ ಹತ್ರ ಓಡಿ, ನನ್ನ ಥರ ಕಾಯಬೇಡಿ.

ನಾವು ಬೇರೆ ಡಾಕ್ಟರ್ ಹತ್ರ ಹೋದ್ವಿ. ಅವರು ಬೂದೀನ ಮುಟ್ಟೋಕೆ ಮುಂಚೆನೇ ಕೇಳಿದ್ದು, ಮಾತ್ರೆ ಹೇಗೆ ಕೊಡ್ತಿದ್ರಿ ಅಮ್ಮಾ, ಮೇಲೆ ನೀರು ಕೊಟ್ರಾ ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಬೆಂಗಳೂರಿಗೆ ಕರ್ಕೊಂಡು ಹೋಗಿ ಅನಸ್ತೇಶಿಯಾ ಕೊಟ್ಟು ಎಂಡೋಸ್ಕೋಪಿ ಮಾಡಿಸಿದ್ವಿ. ಸ್ಕ್ರೀನ್ ಮೇಲೆ ಬೂದಿ ಅನ್ನನಾಳದ ಒಂದು ಜಾಗ ಬೆಳ್ಳಗೆ ಬಿಗಿದು ಸಣ್ಣ ತೂತು ಮಾತ್ರ ಉಳಿದಿತ್ತು. ಅದರೊಳಗೆ ಬಲೂನ್ ಇಳಿಸಿ ಉಬ್ಬಿಸಿ ಹಿಗ್ಗಿಸ್ತಾರೆ, ಒಂದೇ ಸಲಕ್ಕೆ ಮುಗಿಯೋದೂ ಇಲ್ಲ, ಮತ್ತೆ ಬಿಗಿದುಕೊಳ್ಳುತ್ತೆ, ಮತ್ತೆ ಅನಸ್ತೇಶಿಯಾ, ಮತ್ತೆ ಬಲೂನ್. ಖರ್ಚಿನ ಮಾತು ಬಿಡಿ, ಅದು ಮೂಳೆ ಚಕ್ಕಳ ಆಗಿದ್ದನ್ನ ನೋಡೋಕೆ ಆಗ್ತಿರ್ಲಿಲ್ಲ. ಈಗ ಬದುಕಿದೆ, ಮೈಕೈ ತುಂಬ್ಕೊಂಡಿದೆ, ಆದ್ರೆ ಚಿಕನ್ ಬೇಯಿಸಿ ಮಿಕ್ಸೀಲಿ ನುಣ್ಣಗೆ ಮಾಡಿ ಕೊಟ್ರೆ ಮಾತ್ರ ತಿನ್ನುತ್ತೆ, ಒಣ ಕಾಳಿನ ಫುಡ್ ಅದಕ್ಕೆ ಜೀವನದಲ್ಲಿ ಇನ್ನಿಲ್ಲ.

ಹಾಗಾಗಿ ಗನ್ ತಗೊಳ್ಳಿ, ಜೊತೆಗೆ ಮೆಡಿಕಲ್ ಸ್ಟೋರಲ್ಲಿ 10 ಎಂಎಲ್ ಸಿರಿಂಜ್ ತಗೊಳ್ಳಿ, ಸೂಜಿ ತೆಗೆದು ಬಿಸಾಕಿ. ಮಾತ್ರೆ ನುಂಗಿದ ತಕ್ಷಣ, ಟವೆಲ್ ಬಿಚ್ಚೋಕೆ ಮುಂಚೆನೇ, ತಲೆ ಮಾಮೂಲಿ ಮಟ್ಟಕ್ಕೆ ಇಳಿಸಿ ಕೋರೆಹಲ್ಲಿನ ಹಿಂದಿರೋ ಸಂದೀಲಿ ಸಿರಿಂಜ್ ತುದಿ ಇಟ್ಟು 5–6 ಎಂಎಲ್ ನೀರು ಸ್ವಲ್ಪಸ್ವಲ್ಪಾನೇ ಬಿಡಿ, ಅದು ನುಂಗಿದ ಮೇಲೆ ಇನ್ನಷ್ಟು. ತಲೆ ಮೇಲಕ್ಕೆ ಎತ್ತಿ ಹಿಡಿದು ಒಂದೇ ಸಲ ಪಿಚಕ್ ಅಂತ ಹೊಡೆದ್ರೆ ನೀರು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಅದು ಇನ್ನೊಂದು ಕಷ್ಟ. ನೀರಾದ ಮೇಲೆ ಇಷ್ಟಪಟ್ಟು ತಿನ್ನೋ ಮೆತ್ತನೆ ಊಟ ಒಂದೆರಡು ಚಮಚ ಕೊಡಿ. ಕೊಳವೇಲೇ ನೀರು ತುಂಬಿಸ್ಕೊಂಡು ಮಾತ್ರೆ ಜೊತೆಗೇ ಬಿಡೋ ಥರದ ಗನ್ನೂ ಬರುತ್ತೆ, ನನಗೇನೋ ಬೇರೆ ಸಿರಿಂಜೇ ವಾಸಿ ಅನ್ಸುತ್ತೆ, ಎಷ್ಟು ನೀರು ಒಳಗೆ ಹೋಯ್ತು ಅಂತ ಕಣ್ಣಿಗೆ ಕಾಣುತ್ತೆ.

ಯಾವ ಗನ್ ಅಂದ್ರೆ ತುದಿ ಮೆತ್ತಗಿರೋದು, ಬೇರೇನೂ ನೋಡಬೇಡಿ. ಗಟ್ಟಿ ಪ್ಲಾಸ್ಟಿಕ್ ತುದಿ ಅಂಗುಳಕ್ಕೆ, ಗಂಟಲಿಗೆ ಚುಚ್ಚಿ ಗಾಯ ಮಾಡುತ್ತೆ. ರಬ್ಬರ್ ಭದ್ರವಾಗಿ ಕೂತಿದ್ಯಾ ಅಂತ ಪ್ರತಿ ಸಲ ಎಳೆದು ನೋಡಿ, ಬೆಕ್ಕು ಕಚ್ಚಿ ಕಿತ್ತುಕೊಂಡು ನುಂಗಿಬಿಟ್ರೆ ಕಷ್ಟ. ತೊಳೆದು ಪೂರ್ತಿ ಒಣಗಿಸಿ ಇಡಿ, ಒದ್ದೆ ಇದ್ರೆ ಕ್ಯಾಪ್ಸೂಲ್ ಅಂಟ್ಕೊಂಡು ಬೀಳೋದೇ ಇಲ್ಲ. ಮೊದಲ ದಿನಾನೇ ಮಾತ್ರೆ ಹಾಕೋಕೆ ಹೋಗಬೇಡಿ, ತುದಿಗೆ ಚಿಕನ್ ಸಾರು ಸವರಿ ನೆಕ್ಕೋಕೆ ಬಿಡಿ, ಈರುಳ್ಳಿ ಬೆಳ್ಳುಳ್ಳಿ ಹಾಕದೇ ಇರೋ ಸಾರು, ಅವೆರಡೂ ಬೆಕ್ಕು ನಾಯಿಗೆ ವಿಷ. ಹಾಕುವಾಗ ಎಡಗೈಯಿಂದ ತಲೆ ಮೇಲಿನಿಂದ ಕೆನ್ನೆಮೂಳೆ ಹಿಡಿದು ಮೂಗು ಮೇಲಕ್ಕೆ ತಿರುಗಿಸಿದ್ರೆ ಕೆಳದವಡೆ ತಾನೇ ಸಡಿಲ ಆಗುತ್ತೆ, ಗನ್ನನ್ನ ಬಾಯಿ ಪಕ್ಕದಿಂದ ತಂದು ನಾಲಿಗೆ ಮೇಲೆ ಹಿಂದಕ್ಕೆ ಇಟ್ಟು ಒತ್ತಿ, ಒಳಗೆ ತುರುಕಬೇಡಿ. ಬಾಯಿ ಮುಚ್ಚಿ ಗಂಟಲು ಸವರಿ. ಮೂಗು ನೆಕ್ಕಿತು ಅಂದ್ರೆ ನುಂಗಿದೆ ಅಂತ.

ನಾಯಿಗೆ ಗನ್ ಯಾಕ್ರೀ? ನಮ್ಮ ಕರಿಯಂಗೆ ಉಣ್ಣೆ ಹುಳ ಕಚ್ಚಿ ಟಿಕ್ ಫೀವರ್ ಬಂದು ಇದೇ ಡಾಕ್ಸಿ ನಾಲ್ಕು ವಾರ ಕೊಟ್ವಿ, ಗನ್ ಮುಟ್ಟಲೇ ಇಲ್ಲ. ಬೇಯಿಸಿದ ಚಿಕನ್ ಲಿವರಿನ ಮೂರು ತುಂಡು, ಮೊದಲನೇದು ಖಾಲಿ, ಎರಡನೇದ್ರೊಳಗೆ ಮಾತ್ರೆ, ಮೂರನೇದು ಖಾಲಿ, ಮೂರನೇದನ್ನ ಕಣ್ಣೆದುರೇ ಹಿಡ್ಕೊಂಡು ಎರಡನೇದು ಕೊಡಿ, ಅದರ ಆಸೆಗೆ ಅಗಿಯದೇ ನುಂಗುತ್ತೆ. ಆಮೇಲೆ ನೀರಿನ ಬಟ್ಟಲು ಮುಂದಿಡಿ. ಜಂತುಹುಳದ ಮಾತ್ರೆ ಆದ್ರೆ ರಾಗಿ ಮುದ್ದೆ ಚೂರಲ್ಲಿ ಉಂಡೆ ಕಟ್ಟಿದ್ರೂ ನಡೆಯುತ್ತೆ, ಮುದ್ದೇನ ಅದೂ ನಮ್ಮ ಥರಾನೇ ನುಂಗೋದು. ಡಾಕ್ಸಿಗೆ ಮಾತ್ರ ರಾಗಿ, ಹಾಲು, ಮೊಸರು ಬೇಡ, ಕ್ಯಾಲ್ಸಿಯಂ ಔಷಧೀನ ಹಿಡಿದಿಟ್ಕೊಂಡು ಪೂರ್ತಿ ಮೈಗೆ ಸೇರೋಕೆ ಬಿಡಲ್ಲ.

ಇನ್ನೊಂದು, ಮಾತ್ರೇನ ಪುಡಿ ಮಾಡಿ ಊಟಕ್ಕೆ ಬೆರೆಸಿ ಅಂತ ಯಾರಾದ್ರೂ ಹೇಳಿದ್ರೆ ಡಾಕ್ಟರನ್ನ ಕೇಳದೇ ಮಾಡಬೇಡಿ. ಮೆಟ್ರೊನಿಡಜೋಲ್ ಥರ ಕಹಿ ಮಾತ್ರೆ ಪುಡಿ ಮಾಡಿದ್ರೆ ಬೆಕ್ಕು ಬಾಯಲ್ಲಿ ನೊರೆ ಸುರಿಸಿ ಆ ಊಟದ ಹತ್ರಾನೇ ಮತ್ತೆ ಬರಲ್ಲ. ಅಂಥದ್ದನ್ನ ಖಾಲಿ ಜೆಲಟಿನ್ ಕ್ಯಾಪ್ಸೂಲಲ್ಲಿ ಹಾಕಿ ಗನ್ನಿಂದ ಕೊಡಿ, ಗನ್ ನಿಜವಾಗಿ ಉಪಯೋಗಕ್ಕೆ ಬರೋದು ಅಲ್ಲಿ.

ಗನ್ ಆರ್ಡರ್ ಮಾಡೋಕೆ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡಿ, ಇದೇ ಔಷಧಿ ಸಿರಪ್‌ನಲ್ಲಿ ಸಿಗುತ್ತಾ, ಇಂಜೆಕ್ಷನ್ ಆಗುತ್ತಾ, ಹುಳದ ಔಷಧಿ ಆದ್ರೆ ಕತ್ತಿನ ಹಿಂದೆ ಹಾಕೋ ಡ್ರಾಪ್ಸ್ ಇದ್ಯಾ ಅಂತ ಕೇಳಿ. ಎಷ್ಟೋ ಸಲ ಇರುತ್ತೆ, ನಾವು ಕೇಳಲ್ಲ. ನಿಮ್ಮ ಬೆಕ್ಕಿಗೆ ಯಾವ ಮಾತ್ರೆ ಬರೆದಿದಾರೆ ಅಂತ ನೀವು ಪ್ರಶ್ನೇಲಿ ಹೇಳೇ ಇಲ್ಲ. ಸ್ಟ್ರಿಪ್ ಮೇಲೆ ಡಾಕ್ಸಿ ಅಂತಲೋ ಕ್ಲಿಂಡಾ ಅಂತಲೋ ಇದ್ರೆ ಇವತ್ತು ರಾತ್ರಿ ಡೋಸಿಂದಾನೇ ನೀರು ಶುರು ಮಾಡಿ.