ಈ ಮಂಗವನ್ನು ಬೋನಿನಲ್ಲಿಟ್ಟು ಉಳಿಸಲಾಗದು, ಮೇಷ್ಟ್ರೇ

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಆಫ್ರಿಕಾದ ಕೆಂಪು ಕೊಲೊಬಸ್ ಮಂಗಗಳ ಬಗ್ಗೆ ಲೇಖನ ಓದಿದೆ. ಕಾಡು ಕಿರಿದಾಯಿತು, ಮಂಗಗಳು ಕಾಯಿಲೆ ಬಿದ್ದವು ಎಂದು ಇಷ್ಟೊಂದು ಗೋಳಾಡುವ ಬದಲು ಒಂದಿಷ್ಟನ್ನು ಹಿಡಿದು ಮೃಗಾಲಯದಲ್ಲಿ ಸಾಕಿದರೆ ಮುಗಿಯಿತಲ್ಲ? ಅಲ್ಲಿನ ಬಡವರು ಸೌದೆಗೆ ಎಲ್ಲಿಗೆ ಹೋಗಬೇಕು? ಅಷ್ಟಕ್ಕೂ ತೋಟದಲ್ಲಿ ಒಂದು ಎಳನೀರು ಉಳಿಸದ ಮಂಗಗಳ ಜೊತೆ ಬದುಕುವ ನಮಗೆ ಉಗಾಂಡದ ಮಂಗದ ಜಂತುಹುಳುವಿನ ಚಿಂತೆ ಯಾಕೆ?"

ಮೇಷ್ಟ್ರೇ, ಪತ್ರ ನೇರವಾಗಿದೆ. ಮನಸ್ಸಿನಲ್ಲಿದ್ದದ್ದನ್ನು ಹಾಗೇ ಬರೆದಿದ್ದೀರಿ. ಅದಕ್ಕೇ ಈ ಸಲ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು ನಿಮ್ಮೊಬ್ಬರಿಗೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೃಗಾಲಯಗಳಿಂದ ಉಪಕಾರವಾಗಿಲ್ಲ ಎಂದು ನಾನು ಹೇಳುವುದಿಲ್ಲ. ಬ್ರೆಜಿಲ್‌ನ ಚಿನ್ನದ ಬಣ್ಣದ ಟ್ಯಾಮರಿನ್ ಮಂಗಗಳನ್ನೇ ನೋಡಿ. ಮೃಗಾಲಯದಲ್ಲಿ ಹುಟ್ಟಿದವನ್ನು 1984ರಿಂದ ಕಾಡಿಗೆ ಬಿಡುತ್ತಾ ಬಂದರು, ಆ ಜಾತಿ ಉಳಿಯಿತು. ತೋಟಕ್ಕೆ ಮಂಗ ಬಂದಾಗ ರೈತನ ಹೊಟ್ಟೆ ಉರಿಯುವುದೂ ನಿಜ. ಇಷ್ಟನ್ನು ಒಪ್ಪುತ್ತೇನೆ.

ಆದರೆ ಕೆಂಪು ಕೊಲೊಬಸ್ ವಿಷಯಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಸಂತತಿ ಬೆಳೆಸುವಂಥ ಇದರ ಒಂದು ಹಿಂಡೂ ಜಗತ್ತಿನ ಯಾವ ಮೃಗಾಲಯದಲ್ಲೂ ಇಲ್ಲ. ಇದರ ನೆಂಟನಾದ ಕಪ್ಪು ಬಿಳುಪು ಕೊಲೊಬಸ್ ಅನ್ನು ನೀವು ಎಲ್ಲಾದರೂ ಬೋನಿನಲ್ಲಿ ನೋಡಿರಬಹುದು, ಅದು ಹೇಗೋ ಹೊಂದಿಕೊಳ್ಳುತ್ತದೆ. ಕೆಂಪಿನದು ಆಗದು. ಕಾರಣ ಇರುವುದು ಅದರ ಹೊಟ್ಟೆಯಲ್ಲಿ. ದನಕ್ಕಿರುವ ಹಾಗೆ ಇದಕ್ಕೂ ಹಲವು ಕೋಣೆಗಳ ಹೊಟ್ಟೆ. ಒಳಗಿರುವ ಸೂಕ್ಷ್ಮಜೀವಿಗಳು ಎಲೆಯನ್ನು ಹುಳಿಸಿ ಜೀರ್ಣ ಮಾಡುತ್ತವೆ. ಬಾಳೆಹಣ್ಣು ಕೊಟ್ಟು ಸಾಕುವ ಮಂಗ ಇದಲ್ಲ. ಸಿಹಿಯಾದ ಮಾಗಿದ ಹಣ್ಣು ಜಾಸ್ತಿಯಾದರೆ ಆ ಹೊಟ್ಟೆಯೇ ಕೆಡುತ್ತದೆ. ಅದಕ್ಕೆ ಬೇಕಾದದ್ದು ಚಿಗುರು. ಒಂದೇ ಮರದ್ದು ಸಾಲದು. ಈ ಮರದಿಂದ ಪ್ರೋಟೀನು, ಆ ಮರದಿಂದ ಉಪ್ಪಿನಂಶ, ಹೀಗೆ ಹತ್ತಾರು ಜಾತಿಯ ಮರ ಬೇಕು.

ಪಶ್ಚಿಮ ಉಗಾಂಡದ ಕಿಬಾಲೆ ಕಾಡಿನಿಂದ ಈ ವಿಷಯ ನಮಗೆ ಚೆನ್ನಾಗಿ ಗೊತ್ತಾಗಿದೆ. ಥಾಮಸ್ ಸ್ಟ್ರೂಸೇಕರ್ ಎಂಬ ವಿಜ್ಞಾನಿ 1970ರಲ್ಲಿ ಅಲ್ಲಿ ಕೆಂಪು ಕೊಲೊಬಸ್‌ಗಳ ಬೆನ್ನು ಹತ್ತಿದರು. ಆಮೇಲೆ ಕಾಲಿನ್ ಚಾಪ್‌ಮನ್ ಮತ್ತು ಅವರ ಜೊತೆಗಾರರು ಬಂದರು. ಕಿಬಾಲೆ 1993ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮಕೆರೆರೆ ವಿಶ್ವವಿದ್ಯಾಲಯದ ಕ್ಷೇತ್ರ ಕೇಂದ್ರ ಅಲ್ಲಿನ ಕನ್ಯಾವಾರದಲ್ಲಿ ಈಗಲೂ ಇದೆ. ಅಲ್ಲಿ ಕೂತು ಯಾವ ಮಂಗ ಯಾವ ಎಲೆ ತಿಂದಿತು ಎಂದು ದಶಕಗಟ್ಟಲೆ ಬರೆದಿಟ್ಟರು. ಸೋಡಿಯಂ ಸಿಗುತ್ತದೆಂದು ಈ ಮಂಗಗಳು ಕಾಡಿನ ಅಂಚಿನ ನೀಲಗಿರಿ ಮರದ ತೊಗಟೆ ಕೆರೆದು ತಿನ್ನುವುದನ್ನೂ ಕಂಡರು. ಅದೇ ಕಾಡಿನ ಎಲೆಗಳನ್ನು ಮೂವತ್ತು ವರ್ಷಗಳ ಅಂತರದಲ್ಲಿ ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಗೊತ್ತಾಯಿತು: ಎಲೆಯಲ್ಲಿ ನಾರು ಹೆಚ್ಚಿದೆ, ಪ್ರೋಟೀನು ಇಳಿದಿದೆ. ಹವೆ ಬದಲಾಗಿದ್ದೇ ಇದಕ್ಕೆ ಕಾರಣ ಇರಬೇಕೆಂದು ಅವರ ಅನುಮಾನ. ಮರ ಅಲ್ಲೇ ನಿಂತಿದೆ, ಎಲೆಯೂ ಹಸಿರಾಗಿದೆ, ಆದರೆ ತಿಂದ ಮಂಗಕ್ಕೆ ಮೊದಲಿನ ಕಸುವು ಸಿಗುವುದಿಲ್ಲ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಈಗ ನಿಮ್ಮ ಜಂತುಹುಳುವಿಗೆ ಬರೋಣ. ನೀವು ಅದನ್ನು ಹಗುರವಾಗಿ ತೆಗೆದುಕೊಂಡಿರಿ, ನನಗೆ ಬೇಸರವಾಯಿತು. ಕಿಬಾಲೆಯ ಸುತ್ತ ಹೊಲ, ಟೀ ತೋಟಗಳ ನಡುವೆ ಸಣ್ಣ ಸಣ್ಣ ಕಾಡಿನ ತುಂಡುಗಳು ಉಳಿದಿವೆ. ಅಂಥ ತುಂಡುಗಳಲ್ಲಿ ಬದುಕುವ ಕೊಲೊಬಸ್‌ಗಳ ಲದ್ದಿಯನ್ನು ಥಾಮಸ್ ಗಿಲೆಸ್ಪಿ ಮತ್ತು ಚಾಪ್‌ಮನ್ ಪರೀಕ್ಷಿಸಿದರು. ಹುಳುವಿನ ಕಾಟ ಎಲ್ಲಿ ಜಾಸ್ತಿ ಎಂದು ತಿಳಿಯಲು ತುಂಡು ಎಷ್ಟು ದೊಡ್ಡದು ಎಂಬುದಕ್ಕಿಂತ ಅಲ್ಲಿ ಕಡಿದ ಮರದ ಬುಡಗಳು ಎಷ್ಟಿವೆ ಎಂಬುದೇ ಚೆನ್ನಾಗಿ ದಾರಿ ತೋರಿಸಿತು. ಯೋಚಿಸಿ ನೋಡಿ. ಬುಡ ಇದೆ ಅಂದರೆ ಅಲ್ಲಿ ಜನ, ದನ ಓಡಾಡಿದ್ದಾರೆ ಎಂದರ್ಥ. ತಿನ್ನುವ ಮರ ಕಡಿಮೆಯಾಗಿದೆ. ಕೊಂಬೆಯಿಂದ ಕೊಂಬೆಗೆ ಹಾರಲು ದಾರಿ ಇಲ್ಲದೆ ಮಂಗ ನೆಲಕ್ಕಿಳಿಯುತ್ತದೆ. ಇರುವ ನಾಲ್ಕು ಮರಗಳಲ್ಲೇ ಹಿಂಡೆಲ್ಲಾ ಒತ್ತೊತ್ತಾಗಿ ಕೂರುತ್ತದೆ. ಹೊಟ್ಟೆಗೆ ಸಾಲದು, ಮೈಯಲ್ಲಿ ಒತ್ತಡದ ಹಾರ್ಮೋನು ಏರುತ್ತದೆ, ಅಂಥ ಮೈಗೆ ಹುಳು ಹತ್ತುತ್ತದೆ. ಟ್ರೈಕುರಿಸ್ ಎಂಬ ಕರುಳಿನ ಹುಳು ಹತ್ತಿದ ಕೊಲೊಬಸ್‌ಗಳು ಜಾಸ್ತಿ ಹೊತ್ತು ಸುಮ್ನೆ ಕೂತಿರುತ್ತವೆ, ತೊಗಟೆಯನ್ನು ಹೆಚ್ಚು ತಿನ್ನುತ್ತವೆ. ಟೋನಿ ಗೋಲ್ಡ್‌ಬರ್ಗ್ ಅವರ ತಂಡ ಅದೇ ತುಂಡು ಕಾಡುಗಳಲ್ಲಿ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ ನೋಡಿತು. ಅಲ್ಲಿಯ ಮಂಗ, ದನ, ಮನುಷ್ಯರ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಹತ್ತಿರದವಾಗಿದ್ದವು. ಕೀನ್ಯಾದ ತಾನಾ ನದಿ ದಂಡೆಯ ತುಂಡು ಕಾಡುಗಳಲ್ಲೂ ಇದೇ ಪಾಡು. ಅಲ್ಲಿನ ಕೆಂಪು ಕೊಲೊಬಸ್ ಮತ್ತು ಮಂಗಾಬೆ ಎಂಬ ಇನ್ನೊಂದು ಜಾತಿಯ ಮಂಗ ಎರಡೂ ಅಳಿವಿನ ಅಂಚಿನಲ್ಲಿವೆ. ಕಾಡು ಕುಗ್ಗಿ ಹಿಂಡುಗಳು ಒತ್ತೊತ್ತಾದಲ್ಲಿ ಹುಳುಗಳ ಬಾಧೆ ಏರಿದ್ದನ್ನು ಅಲ್ಲೂ ದಾಖಲಿಸಿದ್ದಾರೆ.

ಕಾಡು ಪೂರ್ತಿ ಹೋಗುವ ಮೊದಲೇ ಮಂಗ ಕಾಯಿಲೆ ಬೀಳುತ್ತದೆ, ಮೇಷ್ಟ್ರೇ. ನಾವು ತಲೆ ಎಣಿಸಿ "ಇನ್ನೂ ಇಷ್ಟಿವೆ" ಎಂದು ನಿರಾಳರಾಗುವ ಹೊತ್ತಿಗೆ ಮರಿಗಳು ಉಳಿಯುವ ಕಾಲ ಮುಗಿದಿರುತ್ತದೆ. ಕಿಬಾಲೆಯ ಹೊರಗಿನ ಎಷ್ಟೋ ತುಂಡುಗಳಲ್ಲಿ ಹೀಗೇ ಆಯಿತು. ಇದ್ದಿಲಿಗೆ, ಇಟ್ಟಿಗೆ ಸುಡಲಿಕ್ಕೆ, ಬಾಳೆಹಣ್ಣಿನ ಮದ್ಯ ಕಾಯಿಸಲಿಕ್ಕೆ ಮರ ಹೋಯಿತು, ಹಿಂದೆಯೇ ಮಂಗ ಹೋಯಿತು. ಹೌದು, ಕಡಿದವರು ಬಡವರೇ. ಆದರೆ ಕಾಡು ಮುಗಿದ ಮೇಲೆ ಅದೇ ಬಡವರು ಸೌದೆಗೆ ಎಲ್ಲಿಗೆ ಹೋಗಬೇಕು? ನಿಮ್ಮ ಪ್ರಶ್ನೆಯನ್ನೇ ತಿರುಗಿ ಕೇಳುತ್ತಿದ್ದೇನೆ.

ಉಗಾಂಡದ ಮಂಗದ ಕಾಯಿಲೆ ನಮಗೆ ಯಾಕೆ ಎಂದಿರಿ. ಶಿವಮೊಗ್ಗ ಜಿಲ್ಲೆಯವರಾಗಿ ನೀವು ಹೀಗೆ ಕೇಳಬಾರದಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಸತ್ತು ಬಿದ್ದವು, ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದವರಿಗೆ ಮೊದಲು ಅನುಮಾನ ಬಂದದ್ದು ಆಫ್ರಿಕಾದ ಹಳದಿ ಜ್ವರದ ಮೇಲೆ! ಅದಲ್ಲ, ಉಣುಗಿನಿಂದ ಹರಡುವ ಬೇರೆಯದೇ ವೈರಸ್ ಎಂದು ಆಮೇಲೆ ಗೊತ್ತಾಯಿತು. ಕಾಡು ಕಡಿದು ದನ ಬಿಟ್ಟ ಅಂಚುಗಳಲ್ಲಿ ಉಣುಗು ಹೆಚ್ಚುವುದು ನಿಮ್ಮೂರಿನ ಎಲ್ಲರಿಗೂ ಗೊತ್ತಿರುವ ವಿಷಯ, ಅಲ್ವಾ?

ಅವರಿಗೆ ಹಳದಿ ಜ್ವರದ ನೆನಪಾಗಲು ಕಾರಣ ಇತ್ತು. ಕಿಬಾಲೆಯಿಂದ ಪಶ್ಚಿಮಕ್ಕಿರುವ ಬ್ವಾಂಬಾದಲ್ಲಿ 1940ರ ದಶಕದಲ್ಲಿ ಅಲೆಕ್ಸಾಂಡರ್ ಹ್ಯಾಡೋ ಎಂಬುವರು ಸಂಜೆ ಹೊತ್ತು ಮರದ ತುದಿಯಲ್ಲಿ ಯಾವ ಸೊಳ್ಳೆ ಕಚ್ಚುತ್ತದೆ, ನೆಲದಲ್ಲಿ ಯಾವುದು ಎಂದು ಕಾದು ಕೂತು ಪತ್ತೆ ಮಾಡಿದ್ದರು. ಮರದ ತುದಿಯ ಒಂದು ಸೊಳ್ಳೆ ಮಂಗದಿಂದ ಮಂಗಕ್ಕೆ ಹಳದಿ ಜ್ವರದ ವೈರಸ್ ದಾಟಿಸುತ್ತದೆ. ಅದೇ ಮಂಗ ಬಾಳೆ ತೋಟಕ್ಕೆ ನುಗ್ಗಿದರೆ, ಬಾಳೆ ಎಲೆಯ ಸಂದಿನ ನೀರಿನಲ್ಲಿ ಹುಟ್ಟುವ ಇನ್ನೊಂದು ಸೊಳ್ಳೆ ಅದನ್ನು ಮನುಷ್ಯರಿಗೆ ತರುತ್ತದೆ. ಆಫ್ರಿಕಾದ ಮಂಗಗಳಿಗೆ ಈ ವೈರಸ್ ಅಷ್ಟಾಗಿ ಏನೂ ಮಾಡುವುದಿಲ್ಲ. ಅದಕ್ಕೇ ವಿಜ್ಞಾನಿಗಳು ನಮ್ಮ ಏಷ್ಯಾದ ರೀಸಸ್ ಕೋತಿಗಳನ್ನು ಎಂಟೆಬೆ ಹತ್ತಿರದ ಕಾಡಿಗೆ ಒಯ್ದು, ಮರದ ಮೇಲೆ ಪಂಜರದಲ್ಲಿಟ್ಟು ಯಾವುದಕ್ಕೆ ಜ್ವರ ಬರುತ್ತದೆಂದು ಕಾದರು. 1947ರಲ್ಲಿ ಒಂದಕ್ಕೆ ಜ್ವರ ಬಂತು. ಅದರ ರಕ್ತದಲ್ಲಿ ಸಿಕ್ಕ ಹೊಸ ವೈರಸ್ಸಿಗೆ ಆ ಕಾಡಿನ ಹೆಸರನ್ನೇ ಇಟ್ಟರು: ಝೀಕಾ.

ತೆಂಗಿನ ಮಾತೂ ಬರಲಿ. ಝಾಂಝಿಬಾರ್ ದ್ವೀಪದ ಕೆಂಪು ಕೊಲೊಬಸ್ ಎಳೆಯ ತೆಂಗಿನಕಾಯಿ ತಿನ್ನುತ್ತದೆ. ರೈತರು ಸಿಟ್ಟಾಗಿದ್ದರು. ಕರ್ಸ್ಟಿನ್ ಸೀಕ್ಸ್ ಮತ್ತು ಸ್ಟ್ರೂಸೇಕರ್ ತೋಟ ತೋಟ ಸುತ್ತಿ ಲೆಕ್ಕ ಹಾಕಿದರು. ಮಂಗ ತಿಂದದ್ದರಿಂದ ಕೊಯ್ಲು ಕಡಿಮೆಯಾಗಿರಲಿಲ್ಲ. ಮರ ತಾನಾಗಿ ಉದುರಿಸುವ ಮಿಡಿಯನ್ನೇ ಮಂಗ ಮೊದಲು ತೆಗೆದಂತಿತ್ತು. ಈ ವರದಿ 1999ರಲ್ಲಿ ಬಂತು. ನಿಮ್ಮ ತೋಟದ ಮಂಗವೂ ಹಾಗೇ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಹಾಕುವ ಮೊದಲೇ ಅದನ್ನು ಕಳ್ಳ ಅನ್ನಬೇಡಿ, ಅಷ್ಟೇ. ಆ ದ್ವೀಪದಲ್ಲಿ ಮಾವು, ಕಾಡು ಬಾದಾಮಿ ಎಲೆ ತಿನ್ನುವ ಕೊಲೊಬಸ್‌ಗಳು ಒಲೆಯ ಹತ್ತಿರದಿಂದ, ಸುಟ್ಟ ಬುಡಗಳಿಂದ ಇದ್ದಿಲು ಎತ್ತಿಕೊಂಡು ತಿನ್ನುತ್ತವೆ. ಎಲೆಯ ವಿಷವನ್ನು ಇದ್ದಿಲು ಹೀರುತ್ತದೆ. ಮರಿಗಳು ಇದನ್ನು ತಾಯಿಯನ್ನು ನೋಡಿ ಕಲಿಯುತ್ತವೆ. ಯಾವ ಪಂಜರದಲ್ಲಿ ಈ ಪಾಠ ಹೇಳಿಕೊಡುತ್ತೀರಿ?

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ಮುಖಪುಟಕ್ಕೆ ಸಿಂಹ, ಚಿರತೆ ಹಾಕಿ ಎನ್ನುವ ಪತ್ರಗಳು ಎಷ್ಟು ಬೇಕಾದರೂ ಬರುತ್ತವೆ. ಮಂಗದ ಚಿತ್ರ ಹಾಕಿದರೆ ಮೂಗು ಮುರಿಯುತ್ತಾರೆ. ಒಂದು ಪ್ರಾಣಿಯನ್ನು ವಿಮಾನದಲ್ಲಿ ಸಾಗಿಸುವುದಕ್ಕೆ ದುಡ್ಡು, ಕ್ಯಾಮೆರಾ ಎರಡೂ ಸಿಗುತ್ತವೆ. ಒಂದೇ ಕಾಡಿನಲ್ಲಿ ಮೂವತ್ತು ವರ್ಷ ಕೂತು ಎಲೆ ಎಣಿಸುವವರಿಗೆ ಸಿಗುವುದಿಲ್ಲ. ಒಂದೇ ಜಾತಿಯ ಗಿಡ ಸಾಲಾಗಿ ನೆಟ್ಟು ಅದನ್ನೂ ಕಾಡು ಎಂದು ಲೆಕ್ಕಕ್ಕೆ ಬರೆಯುತ್ತಾರೆ. ಶಾಲೆಯಲ್ಲಿ ಮಕ್ಕಳು ಆಫ್ರಿಕಾದ ಪ್ರಾಣಿಗಳ ಹೆಸರು ಉರು ಹೊಡೆಯುತ್ತಾರೆ. ಅವು ಏನು ತಿನ್ನುತ್ತವೆ ಎಂದು ಕೇಳಿದರೆ ಉತ್ತರ ಇಲ್ಲ. ಘಾನಾ ಮತ್ತು ಐವರಿ ಕೋಸ್ಟ್‌ನಲ್ಲಿದ್ದ ಮಿಸ್ ವಾಲ್ಡ್ರನ್ ಕೆಂಪು ಕೊಲೊಬಸ್ ಅನ್ನು ಜೀವಂತವಾಗಿ ಕಂಡ ವಿಜ್ಞಾನಿ 1978ರ ನಂತರ ಇಲ್ಲ. ಬೇಟೆಗೂ ಕಾಡು ಕಡಿತಕ್ಕೂ ಮೊದಲು ಬಲಿಯಾಗುವುದು ಈ ಗದ್ದಲದ ದೊಡ್ಡ ಹಿಂಡುಗಳೇ. ಅದು ಹೋದದ್ದಕ್ಕೆ ಯಾವ ಊರಿನಲ್ಲಿ ಯಾರು ಮರುಗಿದರು?

ಹಾಗಂತ ಕೈಚೆಲ್ಲಿ ಕೂತವನಲ್ಲ ನಾನು. ಝಾಂಝಿಬಾರಿನಲ್ಲಿ 2017ರಲ್ಲಿ ಪ್ರಕಟವಾದ ಎಣಿಕೆಯಲ್ಲಿ 5,800ಕ್ಕೂ ಹೆಚ್ಚು ಕೊಲೊಬಸ್ ಸಿಕ್ಕವು. ಎಲ್ಲರೂ ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ. ಅಲ್ಲಿನ ಜೊಜಾನಿ ಕಾಡಿನ ರಸ್ತೆಗೆ ಉಬ್ಬು ಹಾಕಿದ ಮೇಲೆ ವಾಹನಕ್ಕೆ ಸಿಕ್ಕಿ ಸಾಯುವುದು ಇಳಿದಿದೆ, ನಿಂತಿಲ್ಲ. ಕೆಂಪು ಕೊಲೊಬಸ್‌ಗಳಿಗೆಂದೇ 2021ರಲ್ಲಿ ಇಡೀ ಆಫ್ರಿಕಾಕ್ಕೆ ಒಂದು ಕ್ರಿಯಾಯೋಜನೆ ಬಂದಿದೆ. ಕಿಬಾಲೆಯಲ್ಲಿ ಚಾಪ್‌ಮನ್ ಮತ್ತು ಸಂಗಡಿಗರು ಕಾಡಂಚಿನ ಹಳ್ಳಿಗರಿಗಾಗಿ ಆಸ್ಪತ್ರೆ ತೆರೆದರು. ಜನರ ಹೊಟ್ಟೆಯ ಹುಳು, ಜ್ವರ, ಹೆರಿಗೆ ನೋಡಿಕೊಂಡರೆ ಕಾಡಿನ ಜೊತೆ ಅವರ ಸಂಬಂಧವೂ ಸುಧಾರಿಸುತ್ತದೆ ಎಂಬ ನಂಬಿಕೆ ಅವರದು. ನೀವು ಕೇಳಿದ ಬಡವರನ್ನು ಅವರು ಮರೆತಿಲ್ಲ.

ನಿಮ್ಮಿಂದ ಒಂದು ಉಪಕಾರ ಬೇಕು. ಕ್ಯಾಸನೂರು ಕಾಯಿಲೆಯ ಕಾಲವನ್ನು ಕಣ್ಣಾರೆ ಕಂಡ ಹಿರಿಯರು ನಿಮ್ಮ ಸುತ್ತ ಇನ್ನೂ ಇರಬಹುದು. ಯಾವ ತಿಂಗಳಲ್ಲಿ ಮಂಗ ಬಿದ್ದವು, ಆ ವರ್ಷ ಯಾವ ಕಾಡು ಕಡಿದಿದ್ದರು ಎಂದು ಅವರನ್ನು ಕೇಳಿ ಬರೆದು ಕಳಿಸಿ. ಎಷ್ಟು ಉದ್ದವಿದ್ದರೂ ಅಚ್ಚು ಹಾಕುತ್ತೇನೆ.

– ಸಂಪಾದಕ