ದೊಡ್ಡ ಮನೆಯ ಬಾಗಿಲು ತಟ್ಟುವವರು ಯಾರು?

ಪ್ರಶ್ನೆ: ನಮಸ್ತೆ ಟೀಚರ್. ಶರ್ಲಿ ಜ್ಯಾಕ್ಸನ್ ಬರೆದ ‘ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್’ ಓದಿದೆ. ಮನೆಮಂದಿ ವಿಷದಿಂದ ಸತ್ತ ಮೇಲೆ ಅಕ್ಕತಂಗಿಯರು ಊರಿಗೆ ಮುಖ ಕೊಡದೆ ದೊಡ್ಡ ಮನೆಯಲ್ಲಿ ಉಳಿದುಬಿಡುವ ಕಥೆ. ವಿಷ ಹಾಕಿದ್ದು ಯಾರು ಅಂತ ನನಗೆ ಅರ್ಧಕ್ಕೆ ಮೊದಲೇ ಗೊತ್ತಾಯಿತು. ಹಾಗಾದರೆ ಗುಟ್ಟು ಅಂತ ಉಳಿದದ್ದೇನು? ಇನ್ನೊಂದು ವಿಷಯ. ಕಾಸರಗೋಡಿನ ಪೈವಳಿಕೆ ಹತ್ತಿರ ನನ್ನ ಅಮ್ಮನ ತರವಾಡು ಮನೆ, ಅಂದರೆ ಅವರ ಕೂಡುಕುಟುಂಬದ ಮೂಲಮನೆ, ಇದೆ. ಅಲ್ಲಿ ಅಜ್ಜಿಯ ತಂಗಿಯರಿಬ್ಬರು ಮದುವೆಯಾಗದೆ, ಯಾರ ಮನೆಗೂ ಹೋಗದೆ ಇದ್ದರು. ಈಗ ಸಣ್ಣಜ್ಜಿ ಒಬ್ಬರೇ. ಅವರ ಕಥೆಯನ್ನು ಇದೇ ಥರ ಕಾದಂಬರಿ ಮಾಡಬೇಕೆಂದಿದೆ. ಕೇಳಲು ಹೋದರೆ ಚಾವಡಿಯಲ್ಲೇ ಕೂರಿಸಿ, ಚಾ ಕೊಟ್ಟು ಕಳಿಸುತ್ತಾರೆ. ಏನು ಮಾಡಲಿ?
– ಓದುಗಿ, ಉಪ್ಪಳ

ಉತ್ತರ: ಈ ಕಾದಂಬರಿ ಓದದವರು ಮುಂದಿನ ಪುಟಕ್ಕೆ ಹೋಗಿಬಿಡಿ. ಗುಟ್ಟು ಬಿಟ್ಟುಕೊಡದೆ ಇದಕ್ಕೆ ಉತ್ತರ ಬರೆಯಲು ನನ್ನಿಂದಾಗದು.

ನಿಮಗೆ ಬೇಗ ಗೊತ್ತಾಯಿತು ಅಂತ ಬೇಸರ ಬೇಡ. ಗೊತ್ತಾಗಲಿ ಅಂತಲೇ ಜ್ಯಾಕ್ಸನ್ ಹಾಗೆ ಬರೆದದ್ದು. ಆವತ್ತು ರಾತ್ರಿ ಊಟವಿಲ್ಲದೆ ಮಲಗಲು ಕಳಿಸಿದ್ದು 12 ವರ್ಷದ ತಂಗಿ ಮೆರಿಕ್ಯಾಟ್‌ಳನ್ನು. ಪಾಷಾಣ ಇದ್ದದ್ದು ಸಕ್ಕರೆಯಲ್ಲಿ. ಸಕ್ಕರೆ ಮುಟ್ಟದವಳು ಅಕ್ಕ ಕಾನ್‌ಸ್ಟೆನ್ಸ್. ಪೊಲೀಸರು ಬರುವ ಮೊದಲೇ ಸಕ್ಕರೆ ಪಾತ್ರೆ ತೊಳೆದಿಟ್ಟು, ‘ಜೇಡ ಬಿದ್ದಿತ್ತು’ ಅಂದವಳೂ ಅವಳೇ. ಇಷ್ಟು ಸಾಕಲ್ವಾ? ವಿಷ ಹಾಕಿದ್ದು ತಂಗಿ, ಮುಚ್ಚಿಟ್ಟದ್ದು ಅಕ್ಕ. ಅಪ್ಪ, ಅಮ್ಮ, ತಮ್ಮ, ಚಿಕ್ಕಮ್ಮ, ನಾಲ್ಕು ಜನ ಸತ್ತರು. ಕೇಸು ಅಕ್ಕನ ಮೇಲೆ ಬಿತ್ತು, ಬಿಡುಗಡೆಯೂ ಆಯಿತು. ಆಮೇಲೆ 6 ವರ್ಷ ಅವಳು ದಿನಾ ತಂಗಿಗೆ ಬೇಕುಬೇಕಾದ್ದು ಮಾಡಿ ಬಡಿಸುತ್ತಾಳೆ. ನಗುನಗುತ್ತಾ, ಪ್ರೀತಿಯಿಂದ. ನನಗೆ ಮೈ ಜುಮ್ಮೆಂದದ್ದು ಅಲ್ಲಿ. ಇಬ್ಬರಿಗೂ ಎಲ್ಲ ಗೊತ್ತು, ಅಡುಗೆಮನೆ ಮಾತ್ರ ಎಂದಿನಂತೆ ನಡೆಯುತ್ತದೆ.

ಆ ಮನೆಯ ನೆಲಮಾಳಿಗೆ ನೆನಪಿದೆಯಾ? ತಲೆಮಾರುಗಳ ಹೆಂಗಸರು ಹಾಕಿಟ್ಟ ಜಾಮು, ಉಪ್ಪಿನಕಾಯಿಯ ಬಾಟಲಿಗಳು ಸಾಲಾಗಿ ಕೂತಿವೆ. ಹಳೆಯದನ್ನು ತಿಂದರೆ ಸತ್ತೇ ಹೋಗುತ್ತೇವೆ ಅಂತ ಅಕ್ಕನೇ ಹೇಳುತ್ತಾಳೆ. ಆದರೂ ಎಸೆಯುವುದಿಲ್ಲ, ಇಟ್ಟುಕೊಂಡಿರುತ್ತಾರೆ. ನಮ್ಮ ಅಟ್ಟದ ಮೇಲಿನ ಭರಣಿಗಳೂ ಹಾಗೆಯೇ. ಒಳಗೇನಿದೆ ಅಂತ ಯಾರೂ ಮುಚ್ಚಳ ತೆಗೆದು ನೋಡುವುದಿಲ್ಲ.

ಈಗ ನಿಮ್ಮ ಕಾದಂಬರಿಗೆ ಬರೋಣ. ಮಂಜು, ಗೂಬೆ, ಮೇಣದ ಬತ್ತಿ ಇವೆಲ್ಲ ಬೇಡ. ಆಟಿ ತಿಂಗಳ ಮಳೆಯೇ ಬೇಕಾದಷ್ಟು ಕತ್ತಲೆ ಕೊಡುತ್ತದೆ. ಹೆದರಿಸಲಿಕ್ಕೆ ಅಂತ ದೈವವನ್ನೂ ಎಳೆದು ತರಬೇಡಿ, ಈಚೆಗೆ ಅದು ಜಾಸ್ತಿಯಾಗಿದೆ. ಜಗಳ ಬಗೆಹರಿಯದಿದ್ದರೆ ದೈವದ ಮುಂದೆ ನ್ಯಾಯ ಕೇಳಲು ‘ಕಾನತ್ತೂರಿಗೆ ಹೋಗುತ್ತೇನೆ’ ಅನ್ನುವವರು ನಾವು. ದೈವದ ಮುಂದೆ ಸುಳ್ಳು ಹೇಳಲಾಗದ ಮನುಷ್ಯನ ಭಯವನ್ನು ಬೇಕಾದರೆ ಬರೆಯಿರಿ.

ಅದಕ್ಕಿಂತ ಮೊದಲು ಒಂದು ಲೆಕ್ಕ ಮಾಡಿ: ಆ ಮನೆ ಯಾರದ್ದು? ಇಂಗ್ಲಿಷ್ ಕಾದಂಬರಿಯಲ್ಲಿ ಅದು ಅಪ್ಪನ ಮನೆ. ಅದಕ್ಕೇ ಅಪ್ಪನ ಕಡೆಯ ದಾಯಾದಿ ಚಾರ್ಲ್ಸ್ ಬಂದು ಅಪ್ಪನ ಕೋಣೆ ಹಿಡಿಯುತ್ತಾನೆ, ಅಪ್ಪನ ಕುರ್ಚಿಯಲ್ಲಿ ಕೂರುತ್ತಾನೆ, ತಿಜೋರಿ ಮೇಲೆ ಕಣ್ಣಿಡುತ್ತಾನೆ. ನಮ್ಮಲ್ಲಿ ಅಳಿಯಸಂತಾನದ ಮನೆಗಳ ಕಥೆ ಬೇರೆ. ಅಲ್ಲಿ ಮನೆ ನಡೆಯುವುದು ಹೆಂಗಸರ ಸಂತತಿಯಿಂದ. ಯಜಮಾನಿಕೆ ಸೋದರಮಾವನದ್ದಾದರೂ ಬೇರು ಹೆಣ್ಣುಮಕ್ಕಳದ್ದು. ಅಕ್ಕತಂಗಿಯರು ಹುಟ್ಟಿದ ಮನೆಯಲ್ಲೇ ಉಳಿದರೆ ಹಳಬರು ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅಪ್ಪನ ಕಡೆಯಿಂದ ಸಂತತಿ ನಡೆಯುವ ಹವ್ಯಕ ಬ್ರಾಹ್ಮಣರ ಮನೆಯಲ್ಲಾದರೆ ‘ಯಾಕೆ ಮದುವೆ ಮಾಡಿಲ್ಲ’ ಅಂತ ಮೊದಲ ಪುಟದಲ್ಲೇ ಕೇಳುತ್ತಾರೆ. ನಿಮ್ಮ ಕಥೆಯಲ್ಲಿ ಕೇಳುವ ಪ್ರಶ್ನೆ ಇನ್ನೊಂದು: ಇಬ್ಬರಿಗೂ ಮಕ್ಕಳಿಲ್ಲ, ಹಾಗಾದರೆ ಮನೆ ಮುಂದೆ ಯಾರಿಗೆ?

ಇಲ್ಲಿ ಎರಡು ತಾರೀಕು ನಿಮ್ಮ ಕೆಲಸಕ್ಕೆ ಬರುತ್ತವೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಯಿತು. ಗೇಣಿ ಅಕ್ಕಿ ಬರುವುದು ನಿಂತಿತು. ಭತ್ತ ತುಂಬಿಡುವ ಪತ್ತಾಯ ಬರಿದಾಯಿತು, ಮನೆ ಮಾತ್ರ ಅಷ್ಟೇ ದೊಡ್ಡದು. ಆಮೇಲೆ 1975ರ ಕಾಯಿದೆ ಅವಿಭಕ್ತ ಕುಟುಂಬವನ್ನೇ ರದ್ದು ಮಾಡಿತು. ಅದು ಜಾರಿಗೆ ಬಂದದ್ದು 1976ರ ಡಿಸೆಂಬರ್ 1ಕ್ಕೆ. ಅಷ್ಟರೊಳಗೆ ಪಾಲಾಗಿರದ ತರವಾಡಿನಲ್ಲಿ, ಆ ದಿನ ಬದುಕಿದ್ದ ಪ್ರತಿಯೊಬ್ಬ ಸದಸ್ಯರಿಗೂ ತಲಾ ಒಂದು ಪಾಲು, ತೊಟ್ಟಿಲ ಮಗುವಿಗೂ ಸೇರಿ. ಯೋಚಿಸಿ ನೋಡಿ. ಆ ದಿನ ಯಾರು ಬದುಕಿದ್ದರು, ಯಾರು ಸತ್ತಿದ್ದರು, ಯಾವ ಮಗುವಿನ ಹೆಸರು ಪಾಲು ಪತ್ರದಲ್ಲಿ ಬರಲಿಲ್ಲ? ಪಾಷಾಣವೇ ಬೇಕಿಲ್ಲ, ಒಂದು ರಿಜಿಸ್ಟರ್ ದಸ್ತಾವೇಜು ಸಾಕು. ಇದು ನಿಮ್ಮ ಮನೆಯಲ್ಲಿ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಕಥೆ ಕಟ್ಟಲು ಹೇಳಿದೆ.

ಈಗ ಚಾವಡಿಯ ವಿಷಯ. ನೀವು ಅಮ್ಮನ ಕಡೆಯಿಂದ ಆ ಮನೆಯವರು. ಹಳೆ ಲೆಕ್ಕದಲ್ಲಿ ನೆಂಟರಲ್ಲ, ಹಕ್ಕುದಾರರು. ನೋಟ್‌ಬುಕ್ ಹಿಡಿದು ‘ಹಳೇ ಕಥೆ ಹೇಳಿ ಅಜ್ಜೀ’ ಅಂದರೆ ಸಣ್ಣಜ್ಜಿಗೆ ಕೇಳಿಸುವುದು ‘ಆಸ್ತಿಯ ಕಾಗದ ಎಲ್ಲಿದೆ’ ಅಂತ. ಅವರ ಕಣ್ಣಿಗೆ ಬಾಗಿಲು ತಟ್ಟಿದ ಚಾರ್ಲ್ಸ್ ನೀವೇ ಇರಬಹುದು! ನಿಮ್ಮ ಮನಸ್ಸಿನಲ್ಲಿ ಅದಿಲ್ಲ ಅಂತ ನಾನು ನಂಬುತ್ತೇನೆ. ಅವರು ಯಾಕೆ ನಂಬಬೇಕು? ನಾನಾಗಿದ್ದರೆ ಕಾದಂಬರಿಯನ್ನು ಈ ಜಾಗದಿಂದಲೇ ಶುರು ಮಾಡುತ್ತಿದ್ದೆ. ಚಾವಡಿಯಲ್ಲಿ ಕೂತ ಮೊಮ್ಮಗಳು, ಚಾ ಲೋಟ, ಒಳಗೆ ಬರಲು ಹೇಳದ ಅಜ್ಜಿ.

ಬರೆಯಲು ಹೊರಟವರು ಅಂಕಲ್ ಜೂಲಿಯನ್‌ನನ್ನು ಇನ್ನೊಮ್ಮೆ ಓದಬೇಕು. ವಿಷ ತಿಂದು ಬದುಕುಳಿದ ಮುದುಕ, ಆ ದಿನದ ಒಂದೊಂದು ನಿಮಿಷವನ್ನೂ ಕಾಗದದಲ್ಲಿ ಬರೆದಿಡುತ್ತಾನೆ. ಕಿರಿಯ ಹುಡುಗಿ ಮೆರಿಕ್ಯಾಟ್ ಅನಾಥಾಲಯದಲ್ಲಿ ಎಂದೋ ಸತ್ತಳು ಅಂತ ನಂಬಿದ್ದಾನೆ. ಅವಳು ಅವನ ಜೊತೆ ಅದೇ ಮನೆಯಲ್ಲಿ ಓಡಾಡುತ್ತಿರುತ್ತಾಳೆ.

ಹಾಗಾಗಿ ಮುಂದಿನ ಸಲ ನೋಟ್‌ಬುಕ್ ಬಿಟ್ಟು ಹೋಗಿ. ಹಲಸಿನ ಸೀಸನ್ನಿನಲ್ಲಾದರೆ ಒಳ್ಳೆಯದು, ಹಪ್ಪಳಕ್ಕೆ ಕೈ ಬೇಕಾಗಿರುತ್ತದೆ. ಕೇಳುವುದಿದ್ದರೆ ದೊಡ್ಡಜ್ಜಿ ಏನು ಅಡುಗೆ ಮಾಡುತ್ತಿದ್ದರು ಅಂತ ಕೇಳಿ. ಬರೆಯುವಾಗ ಪೈವಳಿಕೆಯ ಮನೆಯನ್ನು ಬದಿಯಡ್ಕಕ್ಕೆ ಸಾಗಿಸಿದರೆ ಸಾಲದು, ನಮ್ಮ ಕಡೆಯವರು ಎರಡನೇ ಪುಟಕ್ಕೇ ಗುರುತು ಹಿಡಿಯುತ್ತಾರೆ. ಸಾವು, ವ್ಯಾಜ್ಯ, ವಯಸ್ಸು ಮೂರನ್ನೂ ಬದಲಿಸಿ. ಸಣ್ಣಜ್ಜಿ ಇರುವವರೆಗೆ ಅಚ್ಚು ಹಾಕಿಸಬೇಡಿ. ಬರೆದಿಡಲು ಅಡ್ಡಿಯಿಲ್ಲ.