ಸುಗಂಧರಾಜವೆಂದು ತಂದ ಗೆಡ್ಡೆಯಲ್ಲಿ ಜೇಡನ ಕಾಲಿನಂಥ ಬಿಳಿ ಹೂ: ಇದು ಯಾವ ಗಿಡ, ಕಿತ್ತುಹಾಕಲೇ?

ದಯವಿಟ್ಟು ಕೀಳಬೇಡಿ. ಚೀಟಿಯಲ್ಲಿ ಸುಗಂಧರಾಜ ಎಂದಿದ್ದರೂ, ಎರಡು ವರ್ಷ ತಾರಸಿಯ ಬಿಸಿಲಿನಲ್ಲಿ ಒಣಗಿ ಈ ಮಳೆಗಾಲದಲ್ಲಿ ನಿಮ್ಮ ಕುಂಡದಲ್ಲಿ ಅರಳಿರುವುದು ಸ್ಪೈಡರ್ ಲಿಲ್ಲಿ, ಸಸ್ಯಶಾಸ್ತ್ರದಲ್ಲಿ ಹೈಮೆನೊಕಾಲಿಸ್. ನನಗೂ ಒಮ್ಮೆ ಸುಗಂಧರಾಜವೆಂದೇ ಹೇಳಿ ಇದರ ಹತ್ತು ಗೆಡ್ಡೆ ಕೊಟ್ಟಿದ್ದರು. ಮಾಲೆ ಕಟ್ಟಲು ಕಾದಿದ್ದ ನಮ್ಮ ಅತ್ತೆ ಈಗಲೂ ಅದನ್ನು ನೆನೆದು ನಗುತ್ತಾರೆ.

ಹೂ ಬಿಡುವವರೆಗೆ ಕಾಯಬೇಕಿಲ್ಲ, ಎಲೆ ನೋಡಿದರೆ ಸಾಕು. ಸುಗಂಧರಾಜದ ಎಲೆ ಹುಲ್ಲಿನಂತೆ ಸಪೂರ. ಇದರದ್ದು ಎರಡು ಬೆರಳಗಲದ ದಪ್ಪ ಪಟ್ಟಿ. ಸುಗಂಧರಾಜದ ಮೊಗ್ಗುಗಳು ಉದ್ದನೆಯ ಕಡ್ಡಿಯ ಗುಂಟ ಜೋಡಿ ಜೋಡಿಯಾಗಿ ಮೇಲೇರುತ್ತವೆ. ಇದರಲ್ಲಿ ಎಲ್ಲವೂ ದಂಟಿನ ತುದಿಯಲ್ಲೇ ಗುಂಪಾಗಿರುತ್ತವೆ. ಇದನ್ನೇ ಹೋಲುವ ಇನ್ನೊಂದು ಗೆಡ್ಡೆ ಗಿಡ ಕ್ರೈನಮ್ ಇರಬಹುದೇ ಎಂಬ ಅನುಮಾನ ಬಂದರೆ ಹೂವಿನ ನಡುವೆ ನೋಡಿ. ಕೇಸರಗಳ ಬುಡವನ್ನು ಕೂಡಿಸುವ ತೆಳು ಪೊರೆಯ ಬಟ್ಟಲು ಸ್ಪೈಡರ್ ಲಿಲ್ಲಿಗಿದೆ, ಕ್ರೈನಮ್‌ಗೆ ಇಲ್ಲ. ಪೊರೆ ಮತ್ತು ಚೆಲುವು ಎಂಬ ಎರಡು ಗ್ರೀಕ್ ಪದಗಳಿಂದಲೇ ಹೈಮೆನೊಕಾಲಿಸ್ ಎಂಬ ಹೆಸರು ಬಂದಿದೆ.

ನಿಮ್ಮ ಗಿಡ ಸೊರಗಿದ್ದಕ್ಕೂ ಆ ಚೀಟಿಯೇ ಕಾರಣ. ಸುಗಂಧರಾಜಕ್ಕೆ ದಿನವಿಡೀ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಇದಕ್ಕಾದರೋ ಅರೆನೆರಳು ಸಾಕು, ತೇವವೆಂದರೆ ಪ್ರೀತಿ. ನಾನು ಬಚ್ಚಲ ನೀರು ಹರಿಯುವ ಕಡೆ ಒಂದಡಿ ಅಂತರದಲ್ಲಿ ನೆಟ್ಟೆ, ಕೊಟ್ಟಿಗೆ ಗೊಬ್ಬರ ಬಿಟ್ಟು ಬೇರೇನೂ ಹಾಕಲಿಲ್ಲ. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ. ಗುಂಪು ಒತ್ತಾಗಿ ಹೂ ಕಡಿಮೆಯಾದಾಗ ಅಗೆದು ಮರಿಗೆಡ್ಡೆಗಳನ್ನು ಬಿಡಿಸಿ ನೆಟ್ಟರಾಯಿತು. ಒಂದು ಹೂ ಒಂದೆರಡು ದಿನವಷ್ಟೇ ಬಾಳುತ್ತದೆ, ಆದರೆ ಸಂಜೆ ಬಿರಿದು ರಾತ್ರಿ ಬೀರುವ ಪರಿಮಳಕ್ಕೆ ಆ ಕೊರತೆ ಮರೆತುಹೋಗುತ್ತದೆ.

ಕಾಟವೆಂದರೆ ಲಿಲ್ಲಿ ಪತಂಗದ ಮರಿಹುಳು. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಗಳಿರುತ್ತವೆ. ಗುಂಪುಗುಂಪಾಗಿ ಬಂದು ಎಲೆಯನ್ನು ಬುಡದವರೆಗೆ ಮುಕ್ಕುತ್ತವೆ. ಬೆಳಿಗ್ಗೆ ಆರಿಸಿ ಸೋಪಿನ ನೀರಿಗೆ ಹಾಕಿ. ತಿಂದುಹೋದರೂ ಗೆಡ್ಡೆ ಮತ್ತೆ ಚಿಗುರುತ್ತದೆ, ಗಾಬರಿ ಬೇಡ. ಗೆಡ್ಡೆ ವಿಷ, ಮನೆಯಲ್ಲಿ ನಾಯಿಯೋ ಮಗುವೋ ಇದ್ದರೆ ಅಗೆದದ್ದನ್ನು ಹೊರಗೆ ಬಿಟ್ಟಿರಬೇಡಿ.

ಮಾಲೆಗೆ ಸುಗಂಧರಾಜವೇ ಬೇಕೆಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಪ್ರಜ್ವಲ್ ತಳಿಯನ್ನು ಕೇಳಿ. ಕೊಟ್ಟ ಗೆಡ್ಡೆ ಈರುಳ್ಳಿಯಂತೆ ದುಂಡಗೆ, ದೊಡ್ಡದಾಗಿದ್ದರೆ ಅಲ್ಲಿಯೇ ವಾಪಸು ಮಾಡಿ.